ಖಾಲಿ ಜಾಗ

ಎರಡು ವರ್ಷದ ಹಿಂದೆ ಗುಬ್ಬಿಯಲ್ಲಿ ಒಬ್ಬ ಪತ್ರ ಬರಹಗಾರರ ಅಂಗಡಿಯಲ್ಲಿ ನಮ್ಮ ಮನೆಯ ವಿಭಾಗಪತ್ರದ ಕರಡು ಓದಿಸುತ್ತಿದ್ದರು. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಬೆಂಚಿನ ಮೇಲೆ ಕೂತಿದ್ದರು. ಅಜ್ಜಿಗೆ ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತ್ತು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಹೊಲ, ತೆಂಗಿನ ತೋಟ, ಕೊಳವೆಬಾವಿಯ ಪಾಲು ಎಲ್ಲ ಮುಗಿದು ಮನೆಯ ಸರದಿ ಬಂದಾಗ ಬರಹಗಾರರು, "ಸದರಿ ಮನೆಯ ಹಿಂಭಾಗದಲ್ಲಿರುವ ಪೂರ್ವ ಪಶ್ಚಿಮ 30 ಅಡಿ, ಉತ್ತರ ದಕ್ಷಿಣ 40 ಅಡಿ ಅಳತೆಯುಳ್ಳ ಖಾಲಿ ಜಾಗ" ಎಂದು ಓದಿದರು. ಅಜ್ಜಿ ತಲೆ ಎತ್ತಿ, "ಖಾಲಿ ಜಾಗ ಯಾವ್ದಪ್ಪ?" ಎಂದು ಕೇಳಿದಳು. "ನಮ್ ಹಿತ್ಲು ಕಣಮ್ಮ" ಎಂದರು ದೊಡ್ಡಪ್ಪ. ಅಜ್ಜಿ ಮತ್ತೆ ಮಾತಾಡಲಿಲ್ಲ. ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು.

ಆ ಎರಡು ಪದ ನನ್ನನ್ನು ಕಾಡಿದ್ದಕ್ಕೆ ಒಂದು ವೃತ್ತಿಯ ಕಾರಣವೂ ಇತ್ತು. 19ನೇ ಶತಮಾನದ ತುಮಕೂರು ಸೀಮೆಯ ಭೂಕಂದಾಯ ನನ್ನ ಪಿಎಚ್.ಡಿ. ವಿಷಯ. ನಾಲ್ಕು ವರ್ಷದಿಂದ ಓದುತ್ತಿರುವ ದಾಖಲೆಗಳಲ್ಲಿ ಜಮೀನಿನ ಒಂದೊಂದು ಗುಂಟೆಗೂ ಒಂದೊಂದು ಹೆಸರಿದೆ. ಮೈಸೂರು ಸಂಸ್ಥಾನದಲ್ಲಿ 1863ರಿಂದ ಶುರುವಾದ ರೆವಿನ್ಯೂ ಸರ್ವೆ ನೆಲವನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ಮೂರಾಗಿ ವಿಂಗಡಿಸಿತು. ಮಳೆ ನಂಬಿದ ಹೊಲ ಖುಷ್ಕಿ, ಕೆರೆ ನೀರು ಹಾಯುವ ಗದ್ದೆ ತರಿ, ತೆಂಗು ಅಡಿಕೆಯ ತೋಟ ಬಾಗಾಯ್ತು. ಮಣ್ಣಿನ ಬಣ್ಣ, ಆಳ, ನೀರಿನ ದೂರ ನೋಡಿ ಇಷ್ಟು ಆಣೆ ಎಂದು ಕಂದಾಯ ಕಟ್ಟಿದರು. ಮನೆಗಳಿರುವ ಜಾಗವನ್ನು ಗ್ರಾಮಠಾಣ ಎಂದು ಗೆರೆ ಎಳೆದು ಬಿಟ್ಟರು. ಅದಕ್ಕೆ ಕೃಷಿ ಕಂದಾಯವಿಲ್ಲ, ಆದ್ದರಿಂದ ಅಲ್ಲೇನು ಬೆಳೆಯುತ್ತದೆ ಎಂಬ ಪ್ರಶ್ನೆಯೂ ಇಲ್ಲ. ಹಿತ್ತಲು ಇದ್ದದ್ದು ಆ ಗೆರೆಯ ಒಳಗೆ. ಹಿತ್ತಲು ತೆರಿಗೆಯಿಂದ ತಪ್ಪಿಸಿಕೊಂಡಿತು, ಹಾಗಾಗಿ ಚರಿತ್ರೆಯಿಂದಲೂ ತಪ್ಪಿಸಿಕೊಂಡಿತು. ಮೊದಲನೆಯದು ಅದೃಷ್ಟ. ಎರಡನೆಯದರ ಬಗ್ಗೆ ನನಗೆ ಅಂದು ಗುಬ್ಬಿಯ ಅಂಗಡಿಯಲ್ಲಿ ಮೊದಲ ಬಾರಿಗೆ ಹೊಟ್ಟೆಕಿಚ್ಚಿನಂಥದ್ದೇನೋ ಆಯಿತು. ನಾನೂ ನಾಲ್ಕು ವರ್ಷ ಅದನ್ನು ಖಾಲಿ ಜಾಗವೆಂದೇ ದಾಟಿಕೊಂಡು ಬಂದಿದ್ದೆನಲ್ಲ!

ಹಿಂದಕ್ಕೆ ಹೋದರೆ ಸಿಗಬಹುದೇ ಎಂದು ಹುಡುಕಿದೆ. ಪದವೇನೋ ಹಳೆಯದು. ಹಳಗನ್ನಡದ 'ಪಿತ್ತಿಲ್', ಎಂದರೆ ಮನೆಯ ಹಿಂದು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 'ಎಪಿಗ್ರಾಫಿಯ ಕರ್ನಾಟಿಕ'ದ 12ನೇ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ವಿಜಯನಗರ ಕಾಲದ ದಾನಶಾಸನಗಳ ರೂಢಿಯ ಒಕ್ಕಣೆಯಲ್ಲಿ ಗದ್ದೆ, ಬೆದ್ದಲುಗಳ ಹಿಂದೆಯೇ 'ತೋಟ'ದ ಜೊತೆ 'ತುಡಿಕೆ' ಎಂಬ ಇನ್ನೊಂದು ಮಾತು ಅಂಟಿಕೊಂಡು ಬರುತ್ತದೆ. ಸಣ್ಣ ತೋಟ ಎಂಬ ಅರ್ಥದ ಮಾತು ಅದು. ದಾನ ಕೊಟ್ಟವರ, ಪಡೆದವರ ಹೆಸರು, ಗೋತ್ರ, ತಿಥಿ, ನಕ್ಷತ್ರ ಎಲ್ಲ ಕಲ್ಲಿನ ಮೇಲಿದೆ. ತುಡಿಕೆಯಲ್ಲಿ ಏನಿತ್ತೆಂಬುದು ಮಾತ್ರ ಇಲ್ಲ. ಗಾದೆಯಂತೆ ಹಿತ್ತಲ ಗಿಡ ಮದ್ದಲ್ಲ. ಅದು ಶಾಸನವೂ ಅಲ್ಲ.

ಕಾವ್ಯ, ಶಾಸ್ತ್ರಗಳ ಕಡೆ ನೋಡಿದರೆ ಸ್ವಲ್ಪ ಹಸಿರು ಕಾಣುತ್ತದೆ. ಸುಮಾರು 1025ರಲ್ಲಿ ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ಚಾವುಂಡರಾಯ (ಗೊಮ್ಮಟನ ಚಾವುಂಡರಾಯನಲ್ಲ, ಪರೀಕ್ಷೆಯಲ್ಲಿ ನಾವೆಲ್ಲ ಒಮ್ಮೆ ಎಡವಿದ ಹೆಸರು) 'ಲೋಕೋಪಕಾರ' ಬರೆದ. ಅದರಲ್ಲಿ ನೆಲದಡಿಯ ನೀರು ಕಂಡುಹಿಡಿಯುವ ವಿಷಯವಿದೆ, ಗಿಡಮರಗಳ ಆರೈಕೆಯ ವೃಕ್ಷಾಯುರ್ವೇದವಿದೆ, ಅಡುಗೆಯ ಅಧ್ಯಾಯವೂ ಇದೆ. ನೀರು ಹುಡುಕುವುದು, ಬೆಳೆಯುವುದು, ಬೇಯಿಸುವುದು ಮೂರೂ ಒಂದೇ ಪುಸ್ತಕದ ವಿಷಯ ಎಂದುಕೊಂಡ ಆ ಬುದ್ಧಿ ನನಗೆ ಇಷ್ಟ. ಈಗ ಅವು ಮೂರು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ ವಿಷಯಗಳು. 16ನೇ ಶತಮಾನದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಬದನೆಕಾಯಿಗೆ ದೊಡ್ಡ ಪಾಲು ಸಿಕ್ಕಿದೆ. ಆದರೆ ಇವು ತಟ್ಟೆಯ ಕಡೆಯಿಂದ ನೋಡಿದ ಪುಸ್ತಕಗಳು. ಆ ಬದನೆಗೆ ನೀರು ಹೊತ್ತವಳು ಪುಟದಾಚೆ ಇದ್ದಾಳೆ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದ. ಅವನ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂತು. ಈ ಕಡೆಗೂ ಬಂದಿದ್ದ. ನಮ್ಮ ಗುಬ್ಬಿಯನ್ನು ಅವನೂ, ಮುಂದೆ ಗೆಜೆಟಿಯರ್ ಬರೆದವರೂ ಗಮನಿಸಿದ್ದು ಅದರ ಸಂತೆಗಾಗಿ. ಮಲೆನಾಡಿನ ಅಡಿಕೆ ಇಲ್ಲಿ ಕೈ ಬದಲಾಯಿಸಿ ಮುಂದೆ ಹೋಗುತ್ತಿತ್ತು. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ಮಾರಾಟವಾಗುತ್ತದೆ ಎಂದು ನೋಡಲು ಬಂದವರು ಸಂತೆಗೆ ಹೋಗುವುದು ಸಹಜ. ರೈಸ್‌ರ ಮೈಸೂರು ಗೆಜೆಟಿಯರ್ ತೋಟಗಳಲ್ಲಿ ನಾಲ್ಕು ಬಗೆ ಹೇಳುತ್ತದೆ: ತರಕಾರಿ ತೋಟ, ತೆಂಗಿನ ತೋಟ, ಎಲೆ ತೋಟ, ಹೂವಿನ ತೋಟ. ತರಕಾರಿ ತೋಟ ಎಂದು ಓದಿ ಸಂತೋಷಪಟ್ಟೆ. ಆದರೆ ಅದು ಮಾರಲು ಬೆಳೆಯುವ ತೋಟ, ಬಹುಪಾಲು ತಿಗಳರ ಕೈಯಲ್ಲಿದ್ದದ್ದು. ತುಮಕೂರು ನಗರದ ಸುತ್ತ ಸೊಪ್ಪು, ತರಕಾರಿ, ಹೂವು ಬೆಳೆದು ಊರನ್ನು ಸಾಕಿದವರಲ್ಲಿ ಅವರು ಮುಖ್ಯರು. ಅವರ ಚರಿತ್ರೆಯೇ ಬೇರೆ ಪ್ರಬಂಧ ಬೇಡುತ್ತದೆ. ಹಿತ್ತಲು ಮಾತ್ರ ಐದನೆಯ ಬಗೆಯಾಗಿ ಹೊರಗೇ ಉಳಿಯಿತು. ಅಲ್ಲಿ ಬೆಳೆದದ್ದು ಸಂತೆಗೆ ಹೋಗುತ್ತಿರಲಿಲ್ಲ, ಒಲೆಗೆ ಹೋಗುತ್ತಿತ್ತು.

ಕೊನೆಗೆ ಮಾಡಬೇಕಾದ ಮೊದಲ ಕೆಲಸ ಮಾಡಿದೆ. ನೋಟ್‌ಬುಕ್ ಹಿಡಿದು ಊರಿಗೆ ಹೋಗಿ ಅಜ್ಜಿಯ ಹಿತ್ತಲಲ್ಲಿ ಕೂತೆ.

ಮೊದಲು ತಿಳಿದದ್ದು, ಹಿತ್ತಲು ನೀರಿನ ನಕ್ಷೆ ಎಂಬುದು. ಬಚ್ಚಲಿನ ನೀರು ಗೋಡೆಯ ತೂತಿನಿಂದ ಹೊರಬಿದ್ದಲ್ಲಿ ಕೆಸ. ಅದನ್ನು ದಾಟಿ ಎರಡು ಮಾರು ಹೋದರೆ ಬಾಳೆ. ಬಾಳೆಯ ಬುಡದಿಂದ ಕಾಲುವೆ ತಿರುಗಿ ಬಸಳೆ, ದಂಟು, ಕರಿಬೇವಿನ ಕಡೆ ಹೋಗುತ್ತದೆ. ಪಾತ್ರೆ ತೊಳೆದ ನೀರು ಬದನೆ, ಮೆಣಸಿನ ಗಿಡಕ್ಕೆ. ಮೊದಲೆಲ್ಲ ಬೂದಿಯಲ್ಲಿ ತಿಕ್ಕುತ್ತಿದ್ದರು, ಆ ಬೂದಿನೀರು ಗಿಡಕ್ಕೂ ಒಳ್ಳೆಯದಿತ್ತು. ಪಾತ್ರೆ ಸೋಪು ಬಂದ ಮೇಲೆ ಅಜ್ಜಿ ಆ ನೀರನ್ನು ಬದನೆಗೆ ಬಿಡುವುದಿಲ್ಲ, ಬಾಳೆಗೆ ಬಿಡುತ್ತಾಳೆ. ನೀರು ಮುಟ್ಟದ ಮೂಲೆಯಲ್ಲಿ ನುಗ್ಗೆ. ತಿಪ್ಪೆಯ ಅಂಚಿನಲ್ಲಿ ಸಿಹಿಗುಂಬಳ, ಅದನ್ನು ಯಾರೂ ನೆಟ್ಟದ್ದಲ್ಲ. ಬೂದುಗುಂಬಳದ ಬಳ್ಳಿ ದನದ ಕೊಟ್ಟಿಗೆಯ ಹೆಂಚಿನ ಮೇಲೆ. ಬೇಲಿಗೆ ತೊಂಡೆ, ಹೀರೆ. ನಡುವೆ ನಾಲ್ಕು ಕಂಬದ ಚಪ್ಪರ, ಅವರೆಗೆ. ಮನೆಯಲ್ಲಿ ಯಾವ ನೀರೂ ಒಮ್ಮೆ ಮಾತ್ರ ಕೆಲಸ ಮಾಡಿ ಹೋಗುವುದಿಲ್ಲ. ಹೇಮಾವತಿ ನಾಲೆ ಜಿಲ್ಲೆಗೆ ಬರುವುದಕ್ಕೆ ಎಷ್ಟೋ ಮೊದಲು, ಒಂದೊಂದು ಕೊಡವನ್ನೂ ಸೇದಿ ತರುತ್ತಿದ್ದ ಕಾಲದಲ್ಲಿ ಹೆಂಗಸರು ಮಾಡಿಟ್ಟ ನೀರಾವರಿ ಇದು.

ಇನ್ನು ಬಂದ ಬೆಳೆಯ ಲೆಕ್ಕ. ಹಿತ್ತಲಿನದು ಒಮ್ಮೆಗೇ ಬರುವ ಫಸಲಲ್ಲ. ದಿನಕ್ಕೆ ಒಂದು ಹಿಡಿ. ಹಾಗಾಗಿ ನಮ್ಮ ಕಡೆಯ ಅಡುಗೆಯ ಎಷ್ಟೋ ಪದ್ಧತಿಗಳು 'ಒಂದು ಹಿಡಿ ಸಿಕ್ಕರೆ ಏನು ಮಾಡುವುದು' ಎಂಬುದಕ್ಕೆ ಉತ್ತರಗಳು ಎಂದು ನನಗೆ ಅನ್ನಿಸಿದೆ. ಯಾವ ಸೊಪ್ಪೂ ಒಂದು ಸಾರಿಗೆ ಸಾಲದಿದ್ದಾಗ ಐದಾರು ಸೇರಿಸಿದರೆ ಬೆರಕೆ ಸೊಪ್ಪು: ದಂಟು, ಕೀರೆ, ಅಣ್ಣೆ, ಗೋಣಿ, ಹೊನಗೊನೆ, ಒಂದೆರಡು ಕುಂಬಳದ ಕುಡಿ. ಕಾಳಿನ ಜೊತೆ ಬೇಯಿಸಿ ಬಸಿದ ನೀರು ಬಸ್ಸಾರು, ಉಳಿದದ್ದು ಪಲ್ಯ. ಒಂದು ಹಿಡಿಯಿಂದ ಮುದ್ದೆಗೆ ಎರಡು ಜೊತೆ. ಹೀರೆಕಾಯಿಯ ತಿರುಳು ಸಾರಿಗಾದರೆ ಸಿಪ್ಪೆ ಚಟ್ನಿಗೆ. ಬಲಿತದ್ದು ಒಣಗಿ ಮೈಯುಜ್ಜುವ ನಾರು, ಅದರೊಳಗಿನ ಬೀಜ ಮುಂದಿನ ವರ್ಷಕ್ಕೆ. ಬೇಸಿಗೆಯಲ್ಲಿ ಗೋರಿಕಾಯಿ ಜಾಸ್ತಿ ಬಂದರೆ ಉಪ್ಪು ಹಾಕಿ ಬೇಯಿಸಿ, ಮಜ್ಜಿಗೆಯಲ್ಲಿ ನೆನೆಸಿ, ಬಿಸಿಲಿಗಿಟ್ಟು ಬಾಳಕ. ಬೂದುಗುಂಬಳಕ್ಕೆ ಮೈಮೇಲೆ ಬಿಳಿ ಬೂದಿ ಕೂತ ಮೇಲೆ ತೊಟ್ಟಿನ ಸಮೇತ ಕೊಯ್ದು ತೊಲೆಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಅರ್ಧ ಸಂಡಿಗೆಗೆ, ಒಂದು ಆಯುಧಪೂಜೆಗೆ, ಎರಡು ಶಿವರಾತ್ರಿಯ ಜಾತ್ರೆ ಹೊತ್ತಿಗೆ ಸಿದ್ಧಗಂಗೆಯ ದಾಸೋಹಕ್ಕೆ. ಇದು ಅಜ್ಜಿಯ ಬಜೆಟ್. ಬರೆದಿಟ್ಟದ್ದಲ್ಲ, ಆದರೆ ಒಂದು ವರ್ಷವೂ ತಪ್ಪಿಲ್ಲ.

ಇದನ್ನೆಲ್ಲ ಬದಲಾಗದ ಪುರಾತನ ಸಂಸಾರವೆಂದು ಹಾಡಿ ಹೊಗಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹಿತ್ತಲಿನಷ್ಟು ಬೇಗ ಹೊಸಬರನ್ನು ಒಳಗೆ ಬಿಟ್ಟುಕೊಂಡ ಜಾಗ ಊರಲ್ಲಿ ಇನ್ನೊಂದಿಲ್ಲ. ಮೆಣಸಿನಕಾಯಿ, ಟೊಮೆಟೊ, ಸಿಹಿಗುಂಬಳ, ಪರಂಗಿ, ಸೀಬೆ ಎಲ್ಲವೂ ಅಮೆರಿಕ ಖಂಡಗಳಿಂದ ಪೋರ್ಚುಗೀಸರ ಕಾಲದ ನಂತರ ಬಂದವು. ಬಿ.ಜಿ.ಎಲ್. ಸ್ವಾಮಿಯವರು ಇಂಥ ಗಿಡಗಳ ಕತೆಗೆ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಭಾಷೆ ಮಾತ್ರ ವಲಸೆಯ ಗುರುತನ್ನು ಅಳಿಸಿಲ್ಲ. ಪರಂಗಿಯವರು ತಂದದ್ದು ಪರಂಗಿ ಹಣ್ಣು, ಸೀಮೆಯಿಂದ ಬಂದದ್ದು ಸೀಮೆಬದನೆ. ಈ ಸೀಮೆಬದನೆ ಇಲ್ಲಿಗೆ ಬಂದದ್ದು ಲಾಲ್‌ಬಾಗಿನ ಮೂಲಕ. 1874ರಿಂದ ಅಲ್ಲಿ ಮುಖ್ಯಸ್ಥನಾಗಿದ್ದ ಜಾನ್ ಕ್ಯಾಮರಾನ್ ಅದನ್ನು ತರಿಸಿ ಬೆಳೆಸಿದ. ನಾವು ಅದನ್ನು ಸೀಮೆಯದು ಎಂದೆವು, ಪಕ್ಕದ ತೆಲುಗರು ತಮಿಳರು ಬೆಂಗಳೂರಿನದು ಎಂದರು. ಯಾರೂ ತಮ್ಮದು ಎನ್ನಲಿಲ್ಲ, ಎಲ್ಲರೂ ತಿಂದರು.

ಹಿತ್ತಲು ಸರ್ಕಾರದ ಕಣ್ಣಿಗೆ ಬಿದ್ದದ್ದು ಹಸಿವಿನ ಕಾಲದಲ್ಲಿ. 1876ರಿಂದ 78ರ ಮಹಾಕ್ಷಾಮದ ಏಟು ಮೈಸೂರು ಸಂಸ್ಥಾನಕ್ಕೆ ಎಷ್ಟು ಬಿತ್ತೆಂದರೆ 1871ರ ಗಣತಿಯಲ್ಲಿ 50,55,412 ಇದ್ದ ಜನ 1881ಕ್ಕೆ 41,86,188 ಆದರು. ಬಯಲುಸೀಮೆಯ ತುಮಕೂರು ತೀವ್ರವಾಗಿ ನೊಂದ ಜಿಲ್ಲೆಗಳಲ್ಲೊಂದು. ಆ ಕಾಲದಲ್ಲಿ ಬ್ರಿಟಿಷ್ ವೈದ್ಯರು, ಸಸ್ಯಶಾಸ್ತ್ರಜ್ಞರು ಬರಗಾಲದಲ್ಲಿ ಜನ ತಿನ್ನುವ ಸೊಪ್ಪು ಗೆಡ್ಡೆಗಳ ಪಟ್ಟಿ ಮಾಡಿದರು. ಅಂಥ ಪಟ್ಟಿಗಳಲ್ಲಿ ಅಣ್ಣೆಸೊಪ್ಪು 'ಕ್ಷಾಮದ ಆಹಾರ'. ನಮ್ಮ ಮನೆಯಲ್ಲಿ ಅದು ಸೋಮವಾರದ ಊಟ. ದಾಖಲೆಯನ್ನು ಮಾತ್ರ ನಂಬಿದರೆ ನಮ್ಮ ಅಜ್ಜಿ ಬದುಕಿಡೀ ಕ್ಷಾಮದಲ್ಲೇ ಇದ್ದಾಳೆ ಎಂದುಕೊಳ್ಳಬೇಕಾದೀತು. ಹಾಗೆಂದು ಅಜ್ಜಿ ಬರವನ್ನು ಹಗುರ ಮಾಡುವುದಿಲ್ಲ. ಬರ ಅಂದರೆ ಅಣ್ಣೆಸೊಪ್ಪು ತಿನ್ನುವುದಲ್ಲವಂತೆ, ಅಣ್ಣೆಸೊಪ್ಪೂ ಹುಟ್ಟದೇ ಇರುವುದಂತೆ.

ಆಮೇಲೆ ಯುದ್ಧಗಳು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ ಶುರುವಾದ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿ ಖಾಲಿ ನೆಲದಲ್ಲೆಲ್ಲ ಏನಾದರೂ ಬೆಳೆಯಲು ಹೇಳಿತು. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ತಮ್ಮ ನಿವಾಸದ ಹುಲ್ಲುಹಾಸನ್ನೇ ಉಳಿಸಿದರು, ಸೋಮವಾರದ ಒಂದು ಹೊತ್ತಿನ ಊಟ ಬಿಡಲು ಜನರನ್ನು ಕೇಳಿಕೊಂಡರು. ಹಿತ್ತಲು ಆಗ ದೇಶಸೇವೆಯಾಯಿತು. ಅಜ್ಜಿಗೆ ಶಾಸ್ತ್ರಿಯವರ ಸೋಮವಾರ ನೆನಪಿದೆ. ಹಿತ್ತಲು ಮಾಡಿ ಎಂದು ಹೇಳಿದ್ದು ನೆನಪಿಲ್ಲ. "ಮಾಡ್ತಿದ್ದೋರಿಗೆ ಮಾಡಿ ಅಂತ ಏನ್ ಹೇಳಾದು" ಎಂದಳು.

ಶಾಂತಿಕಾಲದಲ್ಲೂ ಮನೆಯ ಗಿಡ ದಾಖಲೆಗೆ ಏರಿದ ಒಂದು ಉದಾಹರಣೆ ನಮ್ಮ ತಾಲ್ಲೂಕಿನಲ್ಲೇ ಇದೆ. ಚೇಳೂರಿನ ಒಂದು ಕುಟುಂಬದ ತೋಟದ ಹಲಸಿನ ಮರ. ಎರಡೂವರೆ ಕಿಲೋ ಆಸುಪಾಸಿನ ಪುಟ್ಟ ಹಣ್ಣು, ತಾಮ್ರಗೆಂಪು ತೊಳೆ. ತುಮಕೂರಿನ ಹಿರೇಹಳ್ಳಿಯಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದ ವಿಜ್ಞಾನಿಗಳು ಅದರ ಗುಣ ಪರೀಕ್ಷಿಸಿ, ಮರ ನೆಟ್ಟ ರೈತನ ನೆನಪಿಗೆ 'ಸಿದ್ದು' ಎಂಬ ಹೆಸರು ಕೊಟ್ಟರು. ಕಸಿ ಗಿಡಗಳ ಮಾರಾಟದ ಹಣ ಆ ಕುಟುಂಬಕ್ಕೂ ಹೋಗುವಂತೆ ಒಪ್ಪಂದ ಮಾಡಿಕೊಂಡರು. ನೆಟ್ಟವನ ಹೆಸರು ತಳಿಗೆ ಬಂದದ್ದು ದೊಡ್ಡ ಮಾತು. ಆದರೆ ಅದಕ್ಕೂ ಮಾರುಕಟ್ಟೆಯ ಬಾಗಿಲು ದಾಟಲೇಬೇಕಾಯಿತು ಎಂಬುದನ್ನು ಮರೆಯಲಾರೆ.

ಕಳೆದ ವರ್ಷ ನಾನೂ ಬೆಳೆಯಲು ಹೊರಟೆ. ತುಮಕೂರಿನಲ್ಲಿ ನಾನಿರುವ ಬಾಡಿಗೆ ಕೋಣೆಯ ಮೇಲೆ ತಾರಸಿಯಿದೆ. ನಾಲ್ಕು ಪೇಂಟ್ ಬಕೆಟ್ಟಿನ ತಳಕ್ಕೆ ತೂತು ಹೊಡೆದು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿದೆ. ಎರಡಕ್ಕೆ ಅಂಗಡಿಯ ಪೊಟ್ಟಣದ ಅವರೆ, ಇನ್ನೆರಡಕ್ಕೆ ಅಜ್ಜಿ ಕೊಟ್ಟ ಅವರೆ. ರೋಹಿಣಿ ಮಳೆಯಲ್ಲಿ ಬಿತ್ತಿದ್ದು. ಪೊಟ್ಟಣದ್ದು ಎರಡು ತಿಂಗಳಿಗೇ ಹೂಬಿಟ್ಟಿತು. ಅಜ್ಜಿಯದು ಬಳ್ಳಿ ಹಬ್ಬಿಸಿ, ಒಗೆದ ಬಟ್ಟೆಯ ತಂತಿ ಹಿಡಿದು, ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕಿನವರೆಗೆ ಹೋಯಿತೇ ಹೊರತು ಒಂದು ಹೂವಿಲ್ಲ. ಶ್ರಾವಣ ಹೋಯಿತು, ಭಾದ್ರಪದ ಹೋಯಿತು. ಬೀಜ ಕೆಟ್ಟಿದೆ ಎಂದು ಒಂದು ಬಳ್ಳಿ ಕಿತ್ತೇ ಹಾಕಿದೆ. ಇನ್ನೊಂದನ್ನು ಸೋಮಾರಿತನದಿಂದ ಬಿಟ್ಟಿದ್ದೆ.

ಫೋನಿನಲ್ಲಿ ಹೇಳಿದಾಗ ಅಜ್ಜಿ ನಕ್ಕಳು. "ಅದು ಚಳಿ ಬೀಳ್ದೆ ಹೂ ಬಿಡಲ್ಲ ಕಣವ್ವ. ನೀನ್ ಯಾವಾಗ್ ಹಾಕಿದ್ರೂ ಅದು ಬರೋ ಹೊತ್ಗೇ ಬರೋದು."

ವಿಜ್ಞಾನ ಹೇಳುವುದೂ ಬಹುಮಟ್ಟಿಗೆ ಇದನ್ನೇ. ನಾಟಿ ಅವರೆ ಹಗಲಿನ ಉದ್ದ ನೋಡಿ ಹೂಬಿಡುವ ಗಿಡ. ಹಗಲು ಕುಗ್ಗುವವರೆಗೆ ಅದು ಎಲೆಯನ್ನಷ್ಟೇ ಹೆಚ್ಚಿಸುತ್ತದೆ. ವರ್ಷವಿಡೀ ಅವರೆಕಾಯಿ ಸಿಗಲೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಹಂಗಿಲ್ಲದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4ರಂಥ ತಳಿಗಳನ್ನು ಕೊಟ್ಟಿದೆ. ರೈತರಿಗೆ ಅದರಿಂದ ಲಾಭವಾಗಿದೆ, ನಾನೂ ಆಷಾಢ ಕಳೆದದ್ದೇ ಅವರೆಕಾಯಿ ತಿಂದೆ. ಆದರೆ ಆ ವರ್ಷ ಕಾರ್ತಿಕದಲ್ಲಿ ಉಳಿದ ಒಂದೇ ಬಳ್ಳಿ ಹೂವಿನ ಕಡ್ಡಿ ಎತ್ತಿದಾಗ, ಕಾಯಿಗೆ ಸೊಗಡು ಬಂದು ಬೆರಳಿಗೆ ಅಂಟಿದಾಗ, ನನ್ನ ಕೈಯಲ್ಲಿರುವುದೂ ಒಂದು ದಾಖಲೆ ಎಂದು ಹೊಳೆಯಿತು. ರಾಗಿ ಕೊಯ್ಲಿನ ಹೊತ್ತು, ಇಬ್ಬನಿ, ಧನುರ್ಮಾಸ ಎಲ್ಲ ಆ ಬೀಜದಲ್ಲಿ ಬರೆದಿತ್ತು. ನಾನು ಅರ್ಧ ಪ್ರತಿಯನ್ನು ಹರಿದು ಹಾಕಿದ್ದೆ. ಸಿಕ್ಕ ಕಾಯಿಯಲ್ಲಿ ಕಾಲು ಕಿಲೋ ಕಾಳಾಯಿತು. ರಾತ್ರಿ ನೆನೆಸಿ, ಹಿತಕಿ, ರೂಮ್‌ಮೇಟ್ ಜೊತೆ ಒಂದು ಹೊತ್ತಿನ ಸಾರು. ಬೀಜಕ್ಕೆಂದು ಹನ್ನೆರಡು ಕಾಯಿ ಬಳ್ಳಿಯಲ್ಲೇ ಒಣಗಲು ಬಿಟ್ಟೆ.

ಆ ಬೀಜ ಎಲ್ಲಿಯದು ಎಂದು ಕೇಳಿದರೆ ಅಜ್ಜಿ, "ನಿಮ್ಮವ್ವ ತಂದಿದ್ದು" ಎಂದಳು. ಅಮ್ಮನ ತವರು ಕುಣಿಗಲ್ ತಾಲ್ಲೂಕು. ಕುಣಿಗಲ್ ಎಂದರೆ ಜನಪದ ಗೀತೆಯಾದ ಕೆರೆ, ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ. ಆ ಕುದುರೆಗಳು ತಿಂದ ಹುರುಳಿಗೆ ಎಲ್ಲೋ ಲೆಕ್ಕ ಇದ್ದೇ ಇರಬೇಕು. 1993ರಲ್ಲಿ ಅಮ್ಮ ಮದುವೆಯಾಗಿ ಬರುವಾಗ ಅವಳ ತಾಯಿ ಸೀರೆಯ ಗಂಟಿನಲ್ಲಿ ಅವರೆ, ಒಂದು ಬಗೆಯ ಗುಂಡು ಬದನೆ, ಪಡವಲದ ಬೀಜ ಕಟ್ಟಿಕೊಟ್ಟಿದ್ದರಂತೆ. ಅದಕ್ಕೂ ಹಿಂದೆ ಅವರೆ ಬಂದದ್ದು ಆ ಅಜ್ಜಿಯ ತವರಿನಿಂದ. ಅದರಾಚೆಗೆ ಅಮ್ಮನಿಗೆ ಗೊತ್ತಿಲ್ಲ. ನಮ್ಮ ವಂಶವೃಕ್ಷ ಬರೆಸಿದಾಗ ಹೆಂಗಸರ ಹೆಸರು ಬಂದದ್ದು ಹೆಂಡತಿಯರಾಗಿ ಮಾತ್ರ. ಬೀಜದ ವಂಶವೃಕ್ಷದಲ್ಲಿ ಗಂಡಸರೇ ಇಲ್ಲ. ಕುಂಬಳದ ಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ತಟ್ಟಿದ್ದು, ಕಾಳನ್ನು ಬೂದಿಯಲ್ಲಿ ಹೊರಳಿಸಿ ಸೋರೆಬುರುಡೆಗೆ ತುಂಬಿ ಒಲೆಯ ಮೇಲಿನ ಹೊಗೆಗೆ ಕಟ್ಟಿದ್ದು ಎಲ್ಲ ಇವರೇ.

ವಿಭಾಗದಲ್ಲಿ ಹಿತ್ತಲು ಚಿಕ್ಕಪ್ಪನ ಪಾಲಿಗೆ ಬಂದಿದೆ. ಅವರಿಗೆ ಇಬ್ಬರು ಮಕ್ಕಳು, ಮನೆ ಬೇಕು. ಅವರನ್ನು ದೂರಲು ನನ್ನಲ್ಲಿ ಯಾವ ನ್ಯಾಯವೂ ಇಲ್ಲ. ಓದಲೆಂದು ಊರು ಬಿಟ್ಟು ತಾರಸಿಯ ಬಕೆಟ್ಟಿಗೆ ನೀರು ಹಾಕುವವಳು ನಾನು. ಈ ದೀಪಾವಳಿಗೆ ಹೋದಾಗ ಪಿಲ್ಲರ್ ಗುಂಡಿಗಳಿಗೆ ಸುಣ್ಣದ ಗೆರೆ ಎಳೆದಿತ್ತು. ಒಂದು ಗೆರೆ ಅವರೆ ಚಪ್ಪರದ ಕೆಳಗೆ ಹಾದು ಬಾಳೆಯ ಬುಡದಲ್ಲಿ ಮುಗಿದಿತ್ತು. ಗುದ್ದಲಿ ಪೂಜೆ ಯಾವಾಗ ಎಂದು ಕೇಳಿದೆ. "ಸಂಕ್ರಾಂತಿ ಆಗ್ಲಿ, ಅವ್ರೆ ಮುಗೀಲಿ" ಎಂದರು ಚಿಕ್ಕಪ್ಪ.

ಎರಡು ದಿನ ಕೂತು ಪಟ್ಟಿ ಮಾಡಿದೆ. ಗಿಡದ ಹೆಸರು, ಇರುವ ಜಾಗ, ಬೀಜ ಯಾರಿಂದ ಬಂತು, ಏನಕ್ಕೆ ಬಳಸುತ್ತಾರೆ ಎಂದು ನಾಲ್ಕು ಕಾಲಂ. ಸರ್ವೆಯವರ ರಿಜಿಸ್ಟರಿನ ಹಾಗೆಯೇ ಗೆರೆ ಹಾಕಿದ್ದೆ. ಒಟ್ಟು 34. ಸಂಜೆ ಜಗುಲಿಯಲ್ಲಿ ಅಜ್ಜಿಗೆ ಗಟ್ಟಿಯಾಗಿ ಓದಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು, ಪ್ರತಿ ಹೆಸರಿಗೂ ತಲೆ ಆಡಿಸುತ್ತ, ಹಿತ್ತಲಲ್ಲಿ ನಡೆಯುತ್ತಿರುವವಳ ಹಾಗೆ.

"ಬಚ್ಚಲ್ ತೂತಿನ ತಾವ ಕೆಸ ಬರ್ಕಂಡಿಲ್ಲ ನೋಡು" ಎಂದಳು.

ಬರೆದುಕೊಂಡೆ. ಬೀಜ ಯಾರಿಂದ ಬಂತು ಎಂದು ಕೇಳಿದೆ.

"ಅದುನ್ಯಾರ್ ತರ್ತಾರೆ. ನಾನ್ ಈ ಮನೀಗ್ ಬಂದಾಗ್ಲೂ ಇತ್ತು."